ನಿಗಾ ಇಡತಕ್ಕ ಒಂದು ಗೋಡೆ

ಗುಬ್ರಾ

ಒಮಾನಿಗೆ ಹೋಗಿ ಬಂದವರು ವಾಡಿಕೆಯಂತೆ ಖರ್ಜೂರದ ಡಬ್ಬಿ ತರುತ್ತಾರೆ, ಲೋಬಾನ ತರುತ್ತಾರೆ. ನಾನು ಎರಡು ಅಂಗೈಗಳಲ್ಲಿ ನಾಲ್ಕು ಬೊಬ್ಬೆ ತಂದೆ. ವಿಮಾನ ನಿಲ್ದಾಣದಲ್ಲಿ ಸುಂಕದವರು ಕೇಳಲಿಲ್ಲ. ಕೇಳಿದ್ದರೆ ಘೋಷಿಸಲು ಸಿದ್ಧನಾಗಿದ್ದೆ.

ನಾನು ಸರ್ಕಾರದ ಒಂದು ಕಟ್ಟಡ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇಂಜಿನಿಯರಾಗಿದ್ದು, ಮೈಸೂರಿನಲ್ಲಿ ನಿವೃತ್ತನಾಗಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸಮುದ್ರ ದಾಟಿದವನು. ಕಾರಣ ನನ್ನ ಕಿರಿಯ ತಂಗಿ ಶಾರದೆ. ಅವಳ ಗಂಡ ನಾಗರಾಜ ಮಸ್ಕತ್ತಿನಲ್ಲಿ ಪಂಪುಗಳ ಕಂಪನಿಯೊಂದರಲ್ಲಿ ಇಂಜಿನಿಯರು. ಮನೆ ಅಲ್ ಗುಬ್ರಾದಲ್ಲಿ, ನಾಲ್ಕನೆಯ ಮಹಡಿ. ಆ ಬಡಾವಣೆಯಲ್ಲಿ ಮನುಷ್ಯರಿಗೆ ಕಾಲಿರುವುದು ಕಾರಿನ ಬ್ರೇಕು ಒತ್ತುವುದಕ್ಕೆ. ನಾನು ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲು ನಡೆದು ಹೊರಟಾಗ ಮೂರು ಕಾರು ನಿಂತವು. ಮೂರರಲ್ಲೂ ಒಂದೇ ಪ್ರಶ್ನೆ: ಏನಾಯಿತು, ಆಸ್ಪತ್ರೆಗೆ ಬಿಡಬೇಕೆ? ಮೂರನೆಯವರಿಗೆ ಬೇಸರವಾಗಬಾರದೆಂದು ಹತ್ತಿ ಕೂತೆ. ಅಂಗಡಿ ಎದುರಿಗೇ ಇತ್ತು.

ಮೊದಲ ವಾರದ ಕೊನೆಯಲ್ಲಿ ನಾಗರಾಜ ಊಟದ ಮಧ್ಯೆ ಕೇಳಿದ:

“ಭಾವ, ನಿಮ್ಗೆ ಜರ್ಮನ್ ಬರತ್ತಲ್ವಾ?”

ಬರುತ್ತಿತ್ತು. ಐವತ್ತು ವರ್ಷದ ಹಿಂದೆ ಇಲಾಖೆಯು ನನ್ನನ್ನು ಇಟ್ಟಿಗೆ ಪರೀಕ್ಷೆಯ ತರಬೇತಿಗೆಂದು ಜರ್ಮನಿಗೆ ಕಳಿಸುವುದಾಗಿ ತೀರ್ಮಾನಿಸಿತು. ನಾನು ಎರಡು ವರ್ಷ ಸಂಜೆ ತರಗತಿಗೆ ಹೋಗಿ, ನಾಲಗೆ ಹೊರಳಿಸಿ, ಆ ಭಾಷೆ ಕಲಿತೆ. ಜರ್ಮನ್ ಬಾರದ ಇನ್ನೊಬ್ಬರು ಹೋಗಿ ಬಂದರು.

“ಬರುತ್ತಿತ್ತು ಅಂದ್ರೆ ಸಾಕು,” ಅಂದ ನಾಗರಾಜ. “ನಮ್ಮ ಬಾಸ್ ತಾಯಿ ಜರ್ಮನಿಯಿಂದ ಬಂದಿದಾರೆ. ಎಂಬತ್ತಾರು ವರ್ಷ. ಬಾಸ್‌ಗೆ ಪ್ಲಾಂಟ್ ನಿಲ್ಸಿ ರಿಪೇರಿ ಮಾಡೋ ಶಟ್‌ಡೌನ್ ಕೆಲಸ, ತಲೆ ಎತ್ತೋಕಾಗ್ತಿಲ್ಲ. ಶುಕ್ರವಾರ ಅಮ್ಮನಿಗೆ ನಿಜ್ವಾ ಕೋಟೆ ತೋರಿಸ್ಕೊಂಡು ಬಾ ಅಂದ್ರು. ಅವ್ರ ಇಂಗ್ಲಿಷ್ ಅಷ್ಟಕ್ಕಷ್ಟೆ. ನೀವು ಹಿಂದೆ ಕೂತ್ಕೊಂಡು ಎರಡು ಮಾತಾಡಿದ್ರಾಯ್ತು. ಐದು ಗಂಟೆಗೆ ವಾಪಸ್.”

“ಅಣ್ಣ, ಸುಮ್ನೆ ಕೋಟೆ ತೋರ್ಸು, ಕೋಟೆ ಕಟ್ಟಿದವರ ತಪ್ಪು ತೋರಿಸ್ಬೇಡ,” ಅಂದಳು ಶಾರದೆ. “ಆಯಮ್ಮನಿಗೆ ಏನಾದ್ರೂ ಆದ್ರೆ ಇವ್ರ ಕೆಲಸ ಖಲಾಸ್.”

ನಾಗರಾಜ ನಗಲಿಲ್ಲ.

ನಿಜ್ವಾ ರಸ್ತೆ

ಬಾಸ್ ತಾಯಿಯ ಹೆಸರು ಇಂಗೆ. ನನಗಿಂತ ಹನ್ನೆರಡು ವರ್ಷ ಹಿರಿಯರಾದ್ದರಿಂದ ಮನಸ್ಸಿನಲ್ಲೇ ಇಂಗೆಯಮ್ಮ ಎಂದು ನಾಮಕರಣ ಮಾಡಿಕೊಂಡೆ. ಪುಟ್ಟ ಆಕಾರ, ಬಟ್ಟೆ ಟೋಪಿ, ತುದಿಗೆ ಕಬ್ಬಿಣ ಹಾಕಿದ ಊರುಗೋಲು. ಮಗನ ಮನೆಯಿಂದ ಇಳಿದು ಬಂದವರು ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕೂತರು.

ನಾನು ಐವತ್ತು ವರ್ಷ ಕಾಪಾಡಿಕೊಂಡಿದ್ದ ಭಾಷೆಯನ್ನು ಹೊರತೆಗೆದು ಒಂದು ಸ್ವಾಗತ ವಾಕ್ಯ ಹೇಳಿದೆ. ಅವರು ಇಡೀ ದೇಹ ತಿರುಗಿಸಿ ನನ್ನನ್ನು ನೋಡಿದರು.

“ನಿಮ್ಮ ಜರ್ಮನ್ ನನ್ನ ತಾತನ ಕಾಲದ್ದು,” ಅಂದರು. “ಹೀಗೆ ಮಾತಾಡುವವರು ಈಗ ಯಾರೂ ಇಲ್ಲ. ಚೆನ್ನಾಗಿದೆ, ಮುಂದುವರಿಸಿ.”

ಹಜರ್ ಬೆಟ್ಟಗಳು ಎರಡೂ ಕಡೆ ಎದ್ದು ನಿಂತವು. ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟ. ಯಾರೋ ಬೆಟ್ಟ ಮಾಡಲು ಸಾಮಾನು ತಂದು ಸುರಿದು, ಕೆಲಸ ಮುಂದಿನ ವರ್ಷಕ್ಕೆ ಬಿಟ್ಟ ಹಾಗಿತ್ತು. ಇಂಗೆಯಮ್ಮ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ನನ್ನ ಉದ್ಯೋಗವೇನಿತ್ತು ಎಂದು ಕೇಳಿದರು.

“ಇಟ್ಟಿಗೆ,” ಅಂದೆ. ಬೇರೆ ಪದ ಥಟ್ಟನೆ ಹೊಳೆಯಲಿಲ್ಲ.

“ಓ, ನನ್ನದೂ ಅದೇ. ನಾನು ಏಳನೆಯ ವಯಸ್ಸಿಗೆ ಸೇವೆಗೆ ಸೇರಿದೆ.”

ಅವರ ಊರು ಹ್ಯಾನೋವರ್. ಯುದ್ಧ ಮುಗಿದ ಬೇಸಿಗೆಯಲ್ಲಿ ಆ ಊರಲ್ಲಿ ಬೀದಿಗಳಿದ್ದವು, ಮನೆಗಳಿರಲಿಲ್ಲವಂತೆ. ಬೀದಿಯೂ ಎದೆಯೆತ್ತರದ ಇಟ್ಟಿಗೆ ರಾಶಿಗಳ ನಡುವೆ ಬಿಟ್ಟ ಕಾಲುದಾರಿ. ಜನ ನೆಲಮಾಳಿಗೆಗಳಲ್ಲಿ ಸಂಸಾರ ಹೂಡಿದ್ದರು. ಒಲೆಯ ಹೊಗೆ ಹೋಗಲು ನೆಲಮಟ್ಟದ ಕಿಂಡಿಯಿಂದ ತಗಡಿನ ಕೊಳವೆ ಹೊರಬಿಟ್ಟಿರುತ್ತಿದ್ದರು. “ಬೆಳಗ್ಗೆ ಎದ್ದು ನೋಡಿದರೆ ಮನೆ ಇಲ್ಲ, ಮನುಷ್ಯರು ಇಲ್ಲ, ನೆಲದಿಂದ ನೂರಾರು ಹೊಗೆ. ನಮ್ಮ ಅಕ್ಕ ಗೆರ್ಡಾ ಹೇಳೋಳು: ನೋಡು, ಊರು ಬೇಯುತ್ತಾ ಇದೆ.”

ಇಟ್ಟಿಗೆಯ ಕೆಲಸ ಹೆಂಗಸರದು. ಗಂಡಸರು ಸತ್ತಿದ್ದರು, ಅಥವಾ ಎಲ್ಲೋ ಸೆರೆಯಲ್ಲಿದ್ದರು. ಸಾಲಾಗಿ ನಿಂತು ಅವಶೇಷದ ರಾಶಿಯಿಂದ ಬೀದಿಯ ತನಕ ಇಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸುವುದು. ಅಲ್ಲಿ ಕೂತವರು ಸುತ್ತಿಗೆಯಿಂದ ಹಳೇ ಗಾರೆ ಕೆತ್ತುವುದು. ಕೆತ್ತಿದ್ದನ್ನು ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ ಅಟ್ಟಿ ಕಟ್ಟುವುದು. ಈ ಕೆಲಸ ಮಾಡಿದವರಿಗೆ ರೇಷನ್ ಕಾರ್ಡಿನಲ್ಲಿ ಬ್ರೆಡ್ಡು ಹೆಚ್ಚು. ಇಂಗೆಯಮ್ಮನ ಅಮ್ಮ ಕೆತ್ತಿದರೆ, ಇವರು ಅಟ್ಟಿ ಕಟ್ಟುತ್ತಿದ್ದರು.

“ಅಟ್ಟಿ ಸೊಟ್ಟಗಾದರೆ ಅಮ್ಮ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದಳು. ಊರೆಲ್ಲ ಸೊಟ್ಟಗೆ ಬಿದ್ದಿದೆ, ಅವಳಿಗೆ ಇದೊಂದು ನೆಟ್ಟಗಿರಬೇಕು.”

ಊರನ್ನು ಆಳುತ್ತಿದ್ದವರು ಬ್ರಿಟಿಷ್ ಸೈನ್ಯದವರು. ನಿಂತಿದ್ದ ನಾಲ್ಕು ಒಳ್ಳೆಯ ಮನೆಗಳಲ್ಲಿ ಅವರ ಬಿಡಾರ. ಗೋಡೆ ಗೋಡೆಗೂ ಎರಡು ಭಾಷೆಯ ನೋಟೀಸು, ಕತ್ತಲಾದ ಮೇಲೆ ಹೊರಗೆ ಬರಕೂಡದು. ಮೊದಮೊದಲು ಸೈನಿಕರು ಜರ್ಮನರ ಜೊತೆ ಮಾತನಾಡುವಂತಿರಲಿಲ್ಲ. ಮಕ್ಕಳಿಗೆ ಚಾಕಲೇಟ್ ಕೊಡುವವರು ಬೇರೆ ಕಡೆ ನೋಡುತ್ತ ಕೈ ಚಾಚುತ್ತಿದ್ದರಂತೆ. ಅಮ್ಮ ಒಬ್ಬ ಸಾರ್ಜೆಂಟನ ಬಟ್ಟೆ ಒಗೆದುಕೊಟ್ಟರೆ ಅವನು ಒಂದು ಸಲ ಕುದಿಸಿದ ಚಹಾಪುಡಿಯನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದ. ಇವರು ಅದನ್ನು ಒಣಗಿಸಿ ಇನ್ನೂ ಮೂರು ಸಲ ಕುದಿಸುತ್ತಿದ್ದರು.

“ನಮ್ಮನ್ನೂ ಆಳಿದವರು ಅವರೇ,” ಅಂದೆ.

“ನಿಮಗೆ ಹೊಸ ಚಹಾಪುಡಿ ಕೊಡುತ್ತಿದ್ದರೇ?”

“ಇಲ್ಲ. ನಾವೇ ಬೆಳೆದು ಅವರಿಗೆ ಕೊಡುತ್ತಿದ್ದೆವು.”

ಇಂಗೆಯಮ್ಮ ಕಾರು ಅಲುಗುವಷ್ಟು ನಕ್ಕರು. ನಾಗರಾಜ ಕನ್ನಡಿಯಲ್ಲಿ ನನ್ನನ್ನು ನೋಡಿ, “ಭಾವ, ಏನು ಹೇಳಿದ್ರಿ? ಮೇಡಮ್ಮಿಗೆ ಕೆಮ್ಮು ಬಂತಾ?” ಅಂದ.

ನಿಜ್ವಾ ಬಂತು. ಕೋಟೆಯ ದುಂಡು ಬುರುಜು ಕಂಡಿತು. ಇಂಗೆಯಮ್ಮ ಕೋಲಿನಿಂದ ಡ್ಯಾಶ್‌ಬೋರ್ಡಿಗೆ ಒಂದು ಕುಟ್ಟು ಕುಟ್ಟಿ, ಕೋಟೆಗಳನ್ನು ಬೇಕಾದಷ್ಟು ನೋಡಿದ್ದೇನೆ, ಜನ ಇರುವ ಜಾಗಕ್ಕೆ ಕರೆದುಕೊಂಡು ಹೋಗಿ ಅಂದರು. ನಾನು ಅನುವಾದಿಸಿದೆ. ನಾಗರಾಜನ ಮುಖ ಬಿಳುಚಿತು. ಆಮೇಲೆ ಅವನಿಗೆ ಸಯೀದರ ನೆನಪಾಯಿತು.

ಸಯೀದರ ತೋಟ

ಸಯೀದ್ ಅದೇ ಪಂಪಿನ ಕಂಪನಿಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಒಮಾನಿ. ನಿಜ್ವಾದಿಂದ ಅರ್ಧ ಗಂಟೆ ದೂರದ ಹಳ್ಳಿಯವರು. ಹಳ್ಳಿಯ ಹೆಸರು ಬರೆಯಬೇಡಿ, ಜನ ಕ್ಯಾಮೆರಾ ಹಿಡಿದು ಬರುತ್ತಾರೆ ಎಂದು ಅವರು ಕೇಳಿಕೊಂಡದ್ದರಿಂದ ಬರೆಯುತ್ತಿಲ್ಲ. ನಮ್ಮವರ ಜೊತೆ ಮೂವತ್ತು ವರ್ಷ ಕೆಲಸ ಮಾಡಿ ಒಳ್ಳೆಯ ಹಿಂದಿ ಕಲಿತಿದ್ದರು. ನನ್ನ ಹಿಂದಿ ಮೈಸೂರಿನದು. ಆದರೂ ಅವರು ದೊಡ್ಡ ಮನಸ್ಸು ಮಾಡಿದರು.

ಬಿಳಿ ನಿಲುವಂಗಿ, ಕಸೂತಿ ಟೋಪಿ, ನನ್ನದೇ ಓರಗೆಯ ವಯಸ್ಸು. ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ, ದಿಂಬಿಗೆ ಒರಗಿಸಿ ಕೂರಿಸಿ, ಗಂಭೀರವಾಗಿ ಕೇಳಿದರು: “ಸುದ್ದಿ ಏನು?”

ನಾನು ಮೈಸೂರಿನ ಸುದ್ದಿ ಶುರುಮಾಡಿದೆ. ನಾಗರಾಜ ನನ್ನ ತೊಡೆ ಚಿವುಟಿದ.

“ಸುದ್ದಿ ಏನೂ ಇಲ್ಲ, ಎಲ್ಲ ಕ್ಷೇಮ ಅನ್ಬೇಕು ಭಾವ. ಇಲ್ಲಿ ಒಳನಾಡಲ್ಲಿ ಅದೇ ಪದ್ಧತಿ. ಮನೆಗೆ ಬೆಂಕಿ ಬಿದ್ದಿದ್ರೂ ಮೊದಲು ಹಾಗೇ ಅನ್ಬೇಕು. ಕಾಫಿ ಕುಡಿದಾದ್ಮೇಲೆ ನಿಧಾನಕ್ಕೆ ಬೆಂಕಿ ವಿಷಯ.”

ಈ ಪದ್ಧತಿ ನನಗೆ ಬಹಳ ಹಿಡಿಸಿತು. ನಮ್ಮ ಇಲಾಖೆಯ ಮಾಸಿಕ ವರದಿಯೂ ಇದೇ ಮಾದರಿಯದು.

ಎಲ್ಲ ಕ್ಷೇಮವೆಂದೆ. ಕಾಫಿ ಬಂತು: ಏಲಕ್ಕಿಯ ಘಮ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಸಾಕೆಂದು ಬಟ್ಟಲಿನ ಮೇಲೆ ಅಂಗೈ ಮುಚ್ಚಿದೆ. ಸಯೀದರು ಕೈ ಸರಿಯುವ ತನಕ ಕಾದು ಮತ್ತೆ ಬಗ್ಗಿಸಿದರು. ಏಳನೆಯ ಬಟ್ಟಲಿಗೆ ಇಂಗೆಯಮ್ಮ ತಮ್ಮ ಬಟ್ಟಲನ್ನು ಎರಡು ಸಲ ಅಲುಗಾಡಿಸಿದರು. ಅವರಿಗೆ ಬಗ್ಗಿಸುವುದು ನಿಂತಿತು. ಹನ್ನೆರಡು ವರ್ಷ ಆ ದೇಶದಲ್ಲಿದ್ದ ನಾಗರಾಜನಿಗೆ ಈ ಗುಟ್ಟು ಗೊತ್ತಿತ್ತು.

“ಹೇಳ್ಬಾರ್ದಿತ್ತೇನಯ್ಯಾ?”

“ಏಳಕ್ಕೆ ನಿಲ್ತೀರೋ, ಹತ್ತಕ್ಕೋ ಅಂತ ನೋಡ್ತಿದ್ದೆ ಭಾವ.”

ಕಾಫಿ ಮುಗಿದ ಮೇಲೆ ಬೆಂಕಿಯ ವಿಷಯ ಬಂತು.

ಸಯೀದರ ತೋಟದ ಹಿಂದೆ ಅವರ ಹಳೇ ಮನೆಯಿದೆ. ಐವತ್ತರ ದಶಕದ ಕೊನೆಯಲ್ಲಿ ಒಳನಾಡಿನ ಇಮಾಮರ ಕಡೆಯವರಿಗೂ ಸುಲ್ತಾನರ ಕಡೆಯವರಿಗೂ ನಡೆದ ಯುದ್ಧದಲ್ಲಿ, ಸುಲ್ತಾನರ ನೆರವಿಗೆ ಬಂದ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿ ಆ ಕೇರಿಯನ್ನು ಕೆಡವಿದವು. (ಇದನ್ನು ಜರ್ಮನ್ ಭಾಷೆಗೆ ತಿರುಗಿಸಿದಾಗ ಇಂಗೆಯಮ್ಮ ನನ್ನನ್ನು ನೋಡಿ ತಲೆ ಆಡಿಸಿದರು. ನಮ್ಮ ಮೂವರಿಗೂ ಪರಿಚಯದ ನಂಟರು ಒಬ್ಬರೇ ಎಂಬುದು ಸಾಬೀತಾಯಿತು.) ಆಗ ಸಯೀದರಿಗೆ ಆರು ವರ್ಷ. ಮನೆಮಂದಿ ಬೆಟ್ಟದ ಗುಹೆಯೊಂದರಲ್ಲಿ ಚಳಿಗಾಲ ಕಳೆದರು. ತಂಗಿ ಜುವೈನಾ, ಮೂರು ವರ್ಷದ ಕೂಸು, ಗುಹೆಯಲ್ಲೇ ಜ್ವರ ಬಂದು ತೀರಿಕೊಂಡಿತು. ಆಮೇಲೆ ಹೊಸ ಮನೆ ಕಟ್ಟಿದರು. ಹಳೆಯದರಲ್ಲಿ ಒಂದೇ ಗೋಡೆ ಉಳಿದಿತ್ತು.

“ಗೋಡೆ ಮೇಲೆ ನಮ್ಮಪ್ಪ ಬರೆದಿದ್ದಾರೆ,” ಅಂದರು ಸಯೀದ್. “ಯಾರು ಯಾವಾಗ ಹುಟ್ಟಿದರು ಅಂತ. ಆಗ ಕಾಗದ ಪತ್ರ ಎಲ್ಲಿತ್ತು? ನನ್ನ ಪಾಸ್‌ಪೋರ್ಟಿನಲ್ಲಿ ಜನವರಿ ಒಂದು ಅಂತಿದೆ. ನಮ್ಮೂರ ಮುದುಕರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು.”

“ನಮ್ಮ ಕಡೆ ಜೂನ್ ಒಂದು,” ಅಂದೆ. “ಹೆಡ್‌ಮಾಸ್ಟರು ಹೆತ್ತದ್ದು.”

ಅವರು ನಕ್ಕರು. “ಮಕ್ಕಳು ಜೆಸಿಬಿ ತರಿಸ್ತೀವಿ ಅಂತಾರೆ. ನಾನು ಬೇಡ ಅಂದಿದ್ದೀನಿ. ಜುವೈನಾ ಹೆಸರು ಲೋಕದಲ್ಲಿ ಬರೆದಿರೋದು ಅಲ್ಲೊಂದೇ ಕಡೆ. ಈಗ ಮಳೆ ಬರೋ ಕಾಲ. ಇಂಜಿನಿಯರ್ ಸಾಬ್, ನೀವು ಒಂದು ಸಲ ನೋಡಿ ಹೇಳಬೇಕು. ಅದು ನಿಲ್ಲುತ್ತಾ?”

ಹಳೇ ಮನೆ

ಅದು ಸುಡದ ಮಣ್ಣಿಟ್ಟಿಗೆಯ ಗೋಡೆ, ಎರಡಾಳೆತ್ತರ. ಮಹಡಿಯ ಖರ್ಜೂರದ ತೊಲೆಗಳು ಯಾವಾಗಲೋ ಹೋಗಿ, ಹಿಡಿದು ನಿಲ್ಲಿಸುವವರಿಲ್ಲದೆ ಒಂಟಿಯಾಗಿತ್ತು. ತಲೆ ಮಳೆಗೆ ಕರಗಿತ್ತು. ಬುಡವನ್ನು ಉಪ್ಪು ತಿಂದಿತ್ತು. ನಡು ಮುಂದಕ್ಕೆ ಉಬ್ಬಿತ್ತು. ಭುಜದೆತ್ತರದಲ್ಲಿ ಸುಣ್ಣದ ಗಾರೆಯ ಮೇಲೆ ಕಪ್ಪು ಮಸಿಯ ಐದು ಸಾಲು: ತಾತನ ಸಾವು, ಕಾಲುವೆ ಬತ್ತಿದ ವರ್ಷ, ಅಣ್ಣನ ಹುಟ್ಟು, ಸಯೀದರ ಹುಟ್ಟು, ಜುವೈನಾಳ ಹುಟ್ಟು. ಅದರ ಕೆಳಗೆ, ಸೊಂಟದ ಮಟ್ಟದಲ್ಲಿ, ಬೆರಳು ಹೋಗುವಷ್ಟು ಬಿರುಕು ಓರೆಯಾಗಿ ಓಡಿತ್ತು.

ಗೋಡೆಯ ನೆರಳಿನಲ್ಲಿ ಸಯೀದರ ಇಬ್ಬರು ಮೊಮ್ಮಕ್ಕಳು, ಐದಾರು ವರ್ಷದ ಹೆಣ್ಣುಮಕ್ಕಳು, ಚಾಪೆ ಹಾಸಿ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಗೊಂಬೆಗೆ ಕಾಫಿ ಕೊಡುತ್ತಿದ್ದರು. ದಿನಾ ಮಧ್ಯಾಹ್ನ ಅಲ್ಲೇ ಆಟ. ನೆರಳು ಚೆನ್ನಾಗಿರುತ್ತದೆ ಅಂದರು ಸಯೀದ್.

ಇಂಥ ಗೋಡೆಗೆ ಏನು ಹೇಳಬೇಕೆಂದು ತಿಳಿಯಲು ಇಂಜಿನಿಯರಾಗಬೇಕಿಲ್ಲ. ಆದರೆ ನಾನು ಇಂಜಿನಿಯರಾಗಿದ್ದವನು. ಮೂವತ್ತನಾಲ್ಕು ವರ್ಷ, ಬೀಳುವ ಕಟ್ಟಡದ ಮುಂದೆ ನಿಂತು ನಾನು ಬರೆದ ಷರಾ ಒಂದೇ: “ನಿಗಾ ಇಡತಕ್ಕದ್ದು.” ಕೆಡವಿ ಎಂದು ಬರೆದರೆ ಯಾರಿಗೋ ನೋವು, ಯಾರಿಗೋ ಕೆಲಸ, ಪತ್ರಕ್ಕೆ ಮರುಪತ್ರ. ನಿಗಾ ಇಡತಕ್ಕದ್ದು ಎಂದರೆ ಎಲ್ಲರಿಗೂ ಸಮಾಧಾನ. ಒಂದು ಊರಿನ ಶಾಲೆಯ ಗೋಡೆಗೂ ಹಾಗೇ ಬರೆದಿದ್ದೆ. ಅದು ಬಿತ್ತು. ಬಿದ್ದದ್ದು ಭಾನುವಾರ. ಆ ಭಾನುವಾರಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಹಾಗೆಂದು ಷರಾ ಬದಲಿಸಿದೆನೆಂದು ತಿಳಿಯಬೇಡಿ.

ಸಯೀದರು ನನ್ನ ಮುಖವನ್ನೇ ನೋಡುತ್ತಿದ್ದರು.

“ದೇಖೇಂಗೆ,” ಅಂದೆ. “ಸ್ವಲ್ಪ ಕಣ್ಣಿಟ್ಟಿರಿ. ಇನ್ನೆರಡು ಮೂರು ಮಳೆ ತಡೆಯಬಹುದು, ಇನ್‌ಶಾ ಅಲ್ಲಾ.”

ಅವರ ಮುಖ ಅರಳಿತು. ನನಗೂ ಹಾಯೆನಿಸಿತು. ನಾಗರಾಜ ಗಡಿಯಾರ ನೋಡಿಕೊಂಡ.

ಇಷ್ಟರಲ್ಲಿ ಇಂಗೆಯಮ್ಮ ಗೋಡೆಯ ಬದಿಗೆ ಹೋಗಿ ಕೋಲಿನ ಕಬ್ಬಿಣದ ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಒಂದು ತಟ್ಟು, ಕಿವಿಗೊಡುವುದು, ಒಂದು ಹೆಜ್ಜೆ, ಮತ್ತೊಂದು ತಟ್ಟು. ಬಿರುಕಿನ ಕೆಳಗೆ ತಟ್ಟಿದರೆ ಗಟ್ಟಿ ಸದ್ದು. ಮೇಲೆ ತಟ್ಟಿದರೆ ಹಳೇ ಖಾಲಿ ಪೆಟ್ಟಿಗೆಯ ಸದ್ದು. ನಾನು ಕಾಲೇಜಿನಲ್ಲಿ ಕಲಿತು, ಇಲಾಖೆಯಲ್ಲಿ ಮರೆತ ವಿದ್ಯೆ.

“ಅವರಿಗೆ ಏನು ಹೇಳಿದಿರಿ?” ಅಂತ ಕೇಳಿದರು.

ಹೇಳಿದ್ದನ್ನು ಹೇಳಿದೆ.

“ನೀವು ಹಾಗೆ ನಂಬುತ್ತೀರಾ?”

ನಾನು ಜರ್ಮನ್ ವ್ಯಾಕರಣದಲ್ಲಿ ಏನೋ ಹುಡುಕುವವನಂತೆ ನಿಂತೆ. ಅವರು ಚಾಪೆಯ ಹತ್ತಿರ ಹೋಗಿ, ಎರಡೂ ಮಕ್ಕಳ ಕೈ ಹಿಡಿದು, ಗೊಂಬೆ ಬಟ್ಟಲುಗಳ ಸಮೇತ ಖರ್ಜೂರದ ಮರದ ಕೆಳಗೆ ಕರೆತಂದು ಕೂರಿಸಿದರು. ತಾವೂ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

“ಈಗ ನಾನು ಹೇಳುವುದನ್ನು ಅವರಿಗೆ ಹೇಳಿ. ನಿಮ್ಮದನ್ನು ಸೇರಿಸಬೇಡಿ.”

ನಾನು ವಾಕ್ಯ ವಾಕ್ಯವಾಗಿ ದಾಟಿಸಿದೆ.

ಹ್ಯಾನೋವರಿನಲ್ಲಿ ಅವರ ಮನೆಯ ಮುಂಗೋಡೆಯೊಂದೇ ನಿಂತಿತ್ತು. ಊರು ಬಿಟ್ಟವರು, ಸ್ಥಳ ಬದಲಿಸಿದವರು, ಬಿದ್ದ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ಆಗಿನ ವಾಡಿಕೆ: ನಾವು ಬದುಕಿದ್ದೇವೆ, ಇಂಥ ಬೀದಿಯಲ್ಲಿದ್ದೇವೆ. ಯುದ್ಧಕ್ಕೆ ಹೋದ ಅಪ್ಪನ ಪತ್ತೆ ಇರಲಿಲ್ಲ. ಅಮ್ಮ ಬರೆದಿದ್ದಳು: ಎಮ್ಮಾ, ಗೆರ್ಡಾ, ಇಂಗೆ ಕ್ಷೇಮ, ಬೇಕರಿಯ ಹಿಂದಿನ ನೆಲಮಾಳಿಗೆ. ಮಳೆ ಬಂದು ಅಳಿಸಿದಾಗಲೆಲ್ಲ ಅದನ್ನು ತಿದ್ದಿ ಬರೆಯುವುದು ಇಂಗೆಯ ಕೆಲಸ. ಅವರು ಅಕ್ಷರ ಕಲಿತದ್ದೇ ಆ ಗೋಡೆಯ ಮೇಲೆ.

ಒಂದು ದಿನ ಬ್ರಿಟಿಷ್ ಕಾರ್ಪೊರಲ್ ಒಬ್ಬ ಲಾರಿ, ಉಕ್ಕಿನ ಹಗ್ಗ ತಂದ. ಓಲುವ ಗೋಡೆಗಳನ್ನು ಎಳೆದು ಕೆಡವುವ ಕೆಲಸ ಅವನದು. ಅಮ್ಮ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವನು ಗೋಡೆ ಮೇಲಿನ ಬರಹ ನೋಡಿದ, ಅಮ್ಮನನ್ನು ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಪುಸ್ತಕದಲ್ಲಿ ಏನೋ ಬರೆದುಕೊಂಡು, ಲೇಟರ್, ಲೇಟರ್ ಅಂದು ಹೊರಟುಹೋದ.

“ಮೂರು ವಾರಕ್ಕೆ ಬಿತ್ತು. ಗೆರ್ಡಾ ಅದರ ಬುಡದಲ್ಲಿ ಸೌದೆಚೂರು ಆರಿಸುತ್ತಿದ್ದಳು. ಎಡಗಾಲು. ಮೊಣಕಾಲಿನಿಂದ ಕೆಳಗೆ ಬೆಳೆಯಲೇ ಇಲ್ಲ. ಎಪ್ಪತ್ತು ವರ್ಷ ಅವಳು ಹಾಗೇ ನಡೆದಳು. ನನ್ನ ಮದುವೆಯಲ್ಲಿ ಕೂತೇ ಕುಣಿದಳು. ಅಮ್ಮನನ್ನು ಒಂದು ದಿನ ಬೈಯಲಿಲ್ಲ. ಬೈದಿದ್ದರೆ ಅಮ್ಮ ಇನ್ನೂ ಸ್ವಲ್ಪ ವರ್ಷ ಬದುಕುತ್ತಿದ್ದಳು.”

ಸಯೀದರು ಕೇಳಿದರು: “ಅಪ್ಪ ಬಂದರಾ?”

“ಬಂದ. ಮಾರನೆಯ ವರ್ಷ. ಮನೆಯಿದ್ದ ಜಾಗ ಅವನಿಗೆ ಗುರುತೇ ಸಿಗಲಿಲ್ಲ. ಬ್ರೆಡ್ಡಿನ ಸರದಿಯಲ್ಲಿ ನಿಂತ ಅಮ್ಮನನ್ನು ಬೀದಿಯಲ್ಲಿ ಕಂಡ.” ಇಂಗೆಯಮ್ಮ ನನ್ನ ಕಡೆ ತಿರುಗಿದರು. “ಆ ಕಾರ್ಪೊರಲ್ ಒಳ್ಳೆಯವನು. ಮೃದು ಸ್ವಭಾವ. ಆ ಒಳ್ಳೆಯವನ ಮೇಲೆ ಎಂಬತ್ತು ವರ್ಷದಿಂದ ನನಗೆ ಸಿಟ್ಟಿದೆ. ಇದನ್ನೂ ಹೇಳಿ.”

ಇದನ್ನು ಹೇಳುವುದು ಯಾರಿಗೆ ಎಂದು ನನಗೆ ಗೊತ್ತಾಯಿತು. ಆದರೂ ಹೇಳಿದೆ.

“ಇಂಜಿನಿಯರ್ ಸಾಬ್,” ಅಂದರು ಸಯೀದ್, “ನೀವು ಸಚ್ ಬೋಲೋ.”

ಮರದ ಕೆಳಗೆ ಆ ಮಕ್ಕಳು ಗೊಂಬೆಗೆ ಎರಡನೆಯ ಬಟ್ಟಲು ಕೊಡುತ್ತಿದ್ದರು. ಅವತ್ತು ಭಾನುವಾರವಾಗಿರಲಿಲ್ಲ.

“ನಿಲ್ಲಲ್ಲ,” ಅಂದೆ. “ಬಿರುಕಿನ ಕೆಳಗಿನ ಭಾಗ ಗಟ್ಟಿ, ಅದನ್ನು ಉಳಿಸಬಹುದು. ಮೇಲಿನದು ಇವತ್ತೋ ನಾಳೆಯೋ ಬೀಳುತ್ತೆ. ಬರಹ ಇರೋದು ಮೇಲೆ. ನಾನು ಆಗಲೇ ಹೇಳಿದ್ದು ಸುಳ್ಳು. ಜೆಸಿಬಿ ಬೇಡ. ತಲೆಯಿಂದ ಒಂದೊಂದೇ ಸಾಲು ಬಿಡಿಸೋಣ. ಬರೆದ ಇಟ್ಟಿಗೆಗಳನ್ನು ಕೈಯಲ್ಲಿ ಇಳಿಸೋಣ. ಎಲ್ಲ ಉಳಿಯುತ್ತೆ ಅಂತ ಹೇಳಲಾರೆ. ಕೆಲವು ಪುಡಿಯಾಗಬಹುದು.”

ಮೂವತ್ತನಾಲ್ಕು ವರ್ಷದಲ್ಲಿ ಬರೆಯದ ವರದಿ ಒಂದು ಉಸಿರಿನಲ್ಲಿ ಮುಗಿಯಿತು. ಸಯೀದರು ಗೋಡೆಯ ಹತ್ತಿರ ಹೋಗಿ, ಮುಟ್ಟದೆ, ಐದೂ ಸಾಲನ್ನು ತುಟಿ ಅಲುಗಿಸುತ್ತ ಓದಿದರು. ತಿರುಗಿ ಬಂದರು.

“ಕಲ್,” ಅಂದರು. “ನಾಳೆ ಬೆಳಗ್ಗೆ.”

ಶನಿವಾರ

ಇಂಗೆಯಮ್ಮ ವಾಪಸು ಹೊರಡಲು ಒಪ್ಪಲಿಲ್ಲ. ನಿಜ್ವಾದ ವಸತಿಗೃಹದಲ್ಲಿ ರಾತ್ರಿ ಉಳಿಯುವುದೆಂದಾಯಿತು. ನಾಗರಾಜ ಬಾಸಿಗೆ ಫೋನು ಮಾಡಿ, ಸರ್, ಕೋಟೆ ತುಂಬ ದೊಡ್ಡದು ಸರ್, ಇವತ್ತು ಮುಗಿಯಲಿಲ್ಲ ಎಂದು ಆರಂಭಿಸಿದ. ಇಂಗೆಯಮ್ಮ ಫೋನು ಕಿತ್ತುಕೊಂಡು ಮಗನಿಗೆ ಎರಡು ವಾಕ್ಯ ಹೇಳಿ ಇಟ್ಟರು.

“ಏನಂದ್ರು ಭಾವ?”

“‘ನಾನು ಒಂದು ಗೋಡೆ ಕೆಡವುತ್ತಿದ್ದೇನೆ. ನೀನು ಊಟ ಮಾಡು.’”

ನಾಗರಾಜ ವಸತಿಗೃಹದ ಮೆಟ್ಟಿಲ ಮೇಲೆ ಕೂತುಬಿಟ್ಟ.

ಬೆಳಗ್ಗೆ ಸಯೀದರ ಇಬ್ಬರು ಗಂಡುಮಕ್ಕಳು ಗೋಡೆಯ ಹಿಂಬದಿಗೆ ಕಬ್ಬಿಣದ ಅಟ್ಟಣೆ ಕಟ್ಟಿದ್ದರು. ನಾನು ಜೀವಮಾನದಲ್ಲಿ ಮೊದಲ ಸಲ ಕಾಗದವಿಲ್ಲದೆ ಕೆಲಸ ಆರಂಭಿಸಿದೆ. ಉಬ್ಬಿನ ಕಡೆ ಯಾರೂ ನಿಲ್ಲಬಾರದು. ಆ ಭಾಗಕ್ಕೆ ಖರ್ಜೂರದ ದಿಮ್ಮಿಗಳ ಆನಿಕೆ. ಮಕ್ಕಳು ತಲೆಯಿಂದ ಬಿಡಿಸುತ್ತ ಬಂದರು. ಬರಹವಿಲ್ಲದ ಇಟ್ಟಿಗೆಗಳನ್ನು ಅವರೇ ಇಳಿಸಿದರು. ಒಂದೊಂದೂ ಒಂದು ಕೂಸಿನ ಭಾರ. ನಾನು ಅವರ ಜೊತೆ ಕೈ ಹಾಕಿದೆ. ಯಾರೂ ಕರೆದಿರಲಿಲ್ಲ. ಮೊದಲ ಎರಡು ಬೊಬ್ಬೆ ಆಗಲೇ ಬಂದವು.

ಹತ್ತು ಗಂಟೆಗೆ ಬರಹದ ಸಾಲು ತಲುಪಿದೆವು. ಗಾರೆಯನ್ನು ಇಟ್ಟಿಗೆಯ ಸಂದಿಗೆ ಸರಿಯಾಗಿ ಗರಗಸದ ಅಲಗಿನಿಂದ ಕೊಯ್ದೆವು. ಇಂಗೆಯಮ್ಮ ಪ್ರತಿಯೊಂದರ ಬದಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಹಾಕಿದರು. ಆಮೇಲೆ ಸಾಲು ನಿಂತೆವು. ಅಟ್ಟಣೆಯಿಂದ ಸಯೀದರ ಮಗ ನನಗೆ, ನಾನು ಸಯೀದರಿಗೆ, ಸಯೀದರು ನಾಗರಾಜನಿಗೆ, ನಾಗರಾಜ ಇಂಗೆಯಮ್ಮನ ಕುರ್ಚಿಯ ಬಳಿ ಹಾಸಿದ ಚಾಪೆಗೆ. ಅಲ್ಲಿ ಅವರು ಅಟ್ಟಿಯ ಲೆಕ್ಕದಲ್ಲಿ ಒಂದೊಂದನ್ನೂ ಮುಖ ಮೇಲೆ ಮಾಡಿ ಇಡಿಸುತ್ತಿದ್ದರು. ನಾಗರಾಜ ಒಂದನ್ನು ಓರೆಯಾಗಿ ಇಟ್ಟ. ಕೋಲು ಅವನ ಬೂಟಿಗೆ ಬಿತ್ತು.

“ಭಾವ, ಮೇಡಮ್ ಹೊಡೀತಾರೆ!”

“ನೆಟ್ಟಗಿಡಯ್ಯ.”

ತಾತನ ಸಾವು ಇಡಿಯಾಗಿ ಇಳಿಯಿತು. ಕಾಲುವೆ ಬತ್ತಿದ ವರ್ಷದ ಒಂದು ಮೂಲೆ ಹಾರಿತು. ಅಣ್ಣನ ಹುಟ್ಟು ಎರಡು ಇಟ್ಟಿಗೆಯಲ್ಲಿ ಬಂತು, ಎರಡೂ ಚೆನ್ನಾಗಿದ್ದವು. ಸಯೀದರು ಪ್ರತಿ ಇಟ್ಟಿಗೆ ಕೈಗೆ ಬಂದಾಗಲೂ ಗಟ್ಟಿಯಾಗಿ ಓದಿ ಮುಂದಕ್ಕೆ ಕೊಡುತ್ತಿದ್ದರು. ನಾಗರಾಜನಿಗೆ ಅರಬ್ಬಿ ಓದಲು ಬಾರದಿದ್ದರೂ, ಕೇಳಿದ್ದನ್ನು ಹಾಗೇ ಒಪ್ಪಿಸಿ ಚಾಪೆಗೆ ಇಡತೊಡಗಿದ. ಯಾರೂ ನಗಲಿಲ್ಲ.

ನಾಲ್ಕನೆಯ ಸಾಲು ಸಯೀದರದು. ಮಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನನಗೆ ಕೊಟ್ಟ. ನಾನು ಹಿಡಿದುಕೊಂಡೆ, ಹಿಡಿದುಕೊಂಡೆ ಎಂದೇ ನನ್ನ ನಂಬಿಕೆ. ಒಳಗೆ ಗೆದ್ದಲು ಹಾದಿ ಮಾಡಿತ್ತೋ, ನನ್ನ ಬೆರಳು ಬಿಗಿಯಾಯಿತೋ, ಇಟ್ಟಿಗೆ ನಡುವಿನಲ್ಲಿ ಕುಸಿದು ಮಣ್ಣಾಗಿ ತೋಳಿನ ಮೇಲೆ, ಅಂಗಿಯ ಮೇಲೆ, ಕಾಲಿನ ಮೇಲೆ ಸುರಿಯಿತು. ಗಾರೆಯ ಚೂರುಗಳು ನೆಲಕ್ಕೆ ಬಿದ್ದು ಇನ್ನೂ ಚಿಕ್ಕದಾದವು. ಒಂದೆರಡರ ಮೇಲೆ ಮಸಿ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ನಾನು ಖಾಲಿ ಕೈಗಳನ್ನು ಹಾಗೇ ಒಡ್ಡಿಕೊಂಡು ನಿಂತೆ. ನಾಗರಾಜ ಬೇರೆ ಕಡೆ ನೋಡಿದ. ಇಂಗೆಯಮ್ಮ ನೋಡುತ್ತಲೇ ಇದ್ದರು.

ಸಯೀದರು ನೆಲ ನೋಡಿದರು. ಆಮೇಲೆ ನನ್ನ ತೋಳಿನ ಮೇಲಿನ ಧೂಳನ್ನು ತಮ್ಮ ಅಂಗೈಯಿಂದ ಎರಡು ಸಲ ತಟ್ಟಿ ಉದುರಿಸಿದರು.

“ನಾನು ಇಲ್ಲೇ ನಿಂತಿದ್ದೀನಲ್ಲ, ಸಾಬ್,” ಅಂದರು. “ನನಗೆ ಗೋಡೆ ಯಾಕೆ? ಯಲ್ಲಾ, ನಡೀರಿ, ಮುಂದಿನದು ತಗೊಳ್ಳಿ. ಅದು ಜುವೈನಾದು.”

ಅಂಗೈಗಳನ್ನು ಷರಾಯಿಗೆ ಒರೆಸಿಕೊಂಡೆ. ಮಗ ಐದನೆಯ ಸಾಲಿನ ಇಟ್ಟಿಗೆಯನ್ನು ಬುಡದಲ್ಲಿ ಅಲಗು ಕೊಟ್ಟು ಎತ್ತಿದ. ನಾನು ಈ ಸಲ ಬೆರಳಿನಿಂದ ಹಿಡಿಯಲಿಲ್ಲ, ಮುಂಗೈಗಳ ಮೇಲೆ ಮಲಗಿಸಿಕೊಂಡೆ. ಸಯೀದರು ಹಾಗೇ ಮುಂಗೈ ಚಾಚಿ ತೆಗೆದುಕೊಂಡರು. ಓದಲಿಲ್ಲ. ನಾಗರಾಜನನ್ನು ದಾಟಿ, ತಾವೇ ಏಳು ಹೆಜ್ಜೆ ನಡೆದು, ಇಂಗೆಯಮ್ಮನ ಮುಂದೆ ಬಗ್ಗಿದರು.

ಅವರು ಅದನ್ನು ಅಟ್ಟಿಗೆ ಇಡಿಸಲಿಲ್ಲ. ಕೋಲು ಬದಿಗಿಟ್ಟು, ಮಡಿಲಿಗೆ ತೆಗೆದುಕೊಂಡು, ಬಿಸಿಲು ಬೀಳದಂತೆ ಟೋಪಿ ಕಳಚಿ ಅದರ ಮೇಲೆ ಮುಚ್ಚಿದರು. ಊಟಕ್ಕೆ ಕರೆಯುವ ತನಕ ಹಾಗೇ ಕೂತಿದ್ದರು.